ಹೊನ್ನವ್ವ ಹೊಲಕ್ಕೆ ಚಪ್ಪಲಿ ಮೆಟ್ಟಿದ್ದು

ಅಬ್ಬಿಗೇರಿಯಲ್ಲಿ ಎತ್ತಿಗೆ ಲಾಳ ಬಡಿಯುವ ನಾಲಬಂದರ ಓಣಿಯಲ್ಲಿ ಆಡುವ ಯಾವ ಹುಡುಗನನ್ನಾದರೂ ಹಿಡಿದು ನಿಲ್ಲಿಸಿ, ಕೂಸಿದ್ದಾಗ ನಿನಗೆ ಎರೆದವರು ಯಾರು ಎಂದು ಕೇಳಿ ನೋಡಿ. ಹೊನ್ನವ್ವ ಅನ್ನುತ್ತಾನೆ. ಪಕ್ಕದಲ್ಲಿ ಅವನ ಅಪ್ಪ ನಿಂತಿದ್ದರೆ ಅವನನ್ನೂ ಕೇಳಬಹುದು, ಉತ್ತರ ಬೇರೆಯಾಗಲಾರದು. ಕೂಸಿಗೆ ನೀರೆರೆಯುವುದು ಏನು ಮಹಾ ವಿದ್ಯೆ ಅನ್ನುವವರು ಒಮ್ಮೆ ಎರೆದು ನೋಡಬೇಕು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಮುಂದೆ ಚಾಚಿ, ಎಣ್ಣೆ ಹಚ್ಚಿ ಜಾರುವ ಜೀವವನ್ನು ಕಣಕಾಲುಗಳ ಮೇಲೆ ಮಲಗಿಸಿಕೊಳ್ಳಬೇಕು. ಅದು ಓಣಿ ಒಂದು ಮಾಡುವಂತೆ ಕಿರುಚುತ್ತಿದ್ದರೂ ಎಡಗೈಯಲ್ಲಿ ಕತ್ತು ಹಿಡಿದು ಬಲಗೈಯಲ್ಲಿ ಬಿಸಿನೀರು ಹಾಕಬೇಕು. ಹೊನ್ನವ್ವನ ಕಾಲ ಮೇಲೆ ಬಿದ್ದ ಕೂಸು ಎರಡನೇ ತಂಬಿಗೆಗೇ ಸುಮ್ಮನಾಗುತ್ತಿತ್ತು. ಆಮೇಲೆ ಲೋಬಾನದ ಹೊಗೆ ಹಾಕಿ, ಹಳೆಯ ಸೀರೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದರೆ ಮಧ್ಯಾಹ್ನದ ತನಕ ಮಿಸುಕಾಡುತ್ತಿರಲಿಲ್ಲ.

ಅವಳು ಸೂಡಿಯ ಮಗಳು. ಮಹಾಲಿಂಗಪ್ಪನ ಕೈಹಿಡಿದು ಈ ಓಣಿಗೆ ಬಂದಾಗ ಅತ್ತೆಯಿಂದ ಕಲಿತ ವಿದ್ಯೆ ಇದು. ಅತ್ತೆ ಹೋದ ಮೇಲೆ ಕೂಸುಗಳು ತಾವಾಗಿ ಇವಳ ಕಾಲಿಗೆ ಬಂದವು. ಲಿಂಗ ಕಟ್ಟುವವರ ಮನೆಯ ಕೂಸು, ನಮಾಜಿನವರ ಮನೆಯ ಕೂಸು ಎಂದು ಅವಳು ನೋಡಿದವಳಲ್ಲ. ಎದುರು ಮನೆಯ ನಾಲಬಂದ ಲಾಡಸಾಬನ ಮೊಮ್ಮಕ್ಕಳೆಲ್ಲ ಅವಳ ಕಾಲ ಮೇಲೆಯೇ ದೊಡ್ಡವರಾದದ್ದು. ಎರೆದದ್ದಕ್ಕೆ ಎಲೆ ಅಡಿಕೆ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಬದಲಿಗೆ ಹೊಗಳಿಕೆ ಮಾತ್ರ ಎಷ್ಟು ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ.

ಇಂಥ ಹೊನ್ನವ್ವನಿಗೆ ಒಂದು ಹಟವಿತ್ತು. ಊರ ಮಗ್ಗುಲಲ್ಲೇ ಅವರ ಹೊಲ, ಅದರ ತುದಿಗೆ ಬಾವಿ, ಬಾವಿಯ ಸುತ್ತ ಮೆಂತ್ಯ, ಉಳ್ಳಾಗಡ್ಡಿ, ಬದನೆಯ ಮಡಿಗಳು. ಅವಳ ಬದನೆಕಾಯಿಗೆ ರೋಣದ ಸಂತೆಯಲ್ಲಿ ಹೆಸರಿತ್ತು. ಆ ಹೊಲದ ಬದುವಿಗೆ ಬಂದ ಕೂಡಲೇ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಬರಿಗಾಲಲ್ಲೇ ಒಳಗೆ ಇಳಿಯಬೇಕು. ಇದು ಎಲ್ಲ ರೈತರೂ ಮಾಡುವುದೇ. ಆದರೆ ಉಳಿದವರು ಮುಳ್ಳು ಹೆಚ್ಚಾದರೆ, ಬಿಸಿಲು ಸುಟ್ಟರೆ ಸ್ವಲ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಇವಳು ಬಿಡುವವಳಲ್ಲ. ಹೆತ್ತವಳ ಎದೆಯ ಮೇಲೆ ಯಾರಾದರೂ ಚಪ್ಪಲಿ ಹಾಕಿಕೊಂಡು ಅಡ್ಡಾಡುತ್ತಾರೇನು ಎಂದು ಕೇಳುತ್ತಿದ್ದಳು. ಒಮ್ಮೆ ಬೆಳೆ ನೋಡಲು ಬಂದ ಕೃಷಿ ಇಲಾಖೆಯ ಸಾಹೇಬರ ಬೂಟನ್ನೂ ಬದುವಿನ ಮೇಲೆ ಬಿಡಿಸಿದ್ದಳು. ಪಾಪ, ಸಾಹೇಬರು ಜಾಲಿಮುಳ್ಳು ತುಳಿದು, ಬೆಳೆ ಬಹಳ ಚೆನ್ನಾಗಿದೆ ಎಂದು ದೂರದಿಂದಲೇ ಬರೆದುಕೊಂಡು ಹೋದರು.

ಹೊಲದ ಆಚೆಗೆ ಹಳ್ಳ, ಹಳ್ಳದ ದಂಡೆಗೆ ಜಾಲಿಗಿಡಗಳು. ಓಣಿಯ ಹೆಂಗಸರು ತಂಬಿಗೆ ಹಿಡಿದು ನಸುಕಿನಲ್ಲಿ ಹೋಗುತ್ತಿದ್ದದ್ದು ಅಲ್ಲಿಗೇ, ಅವಸರವಾದವರು ಹೊಲದ ಅಂಚಿಗೇ ಕೂರುತ್ತಿದ್ದರು. ಅದರಿಂದ ಭೂಮಿಗೆ ಬಲ ಬರುತ್ತದೆಂದು ಮಹಾಲಿಂಗಪ್ಪ ಸುಮ್ಮನಿರುತ್ತಿದ್ದ. ಮಳೆ ಬಂದಾಗ ಅದೆಲ್ಲ ಹರಿದು ಮಡಿಗಳಿಗೆ ಸೇರುತ್ತಿತ್ತು. ಆ ಕೆಸರಿನಲ್ಲಿ ಹೊನ್ನವ್ವ ದಿನವೆಲ್ಲ ಕಳೆ ತೆಗೆಯುತ್ತಿದ್ದಳು. ಬೆರಳ ಸಂದಿನಲ್ಲಿ ತುರಿಕೆ ಎದ್ದರೆ ಅರಿಷಿಣ ಹಚ್ಚಿಕೊಂಡು ಮರೆಯುತ್ತಿದ್ದಳು.

ಎರಡು ಸಾವಿರದ ಏಳನೆಯ ಇಸವಿಯ ಮುಂಗಾರಿನಲ್ಲಿ ನರಗುಂದದಿಂದ ಸುದ್ದಿ ಬಂತು. ಮಗಳು ಶ್ವೇತಾಳಿಗೆ ದಿನ ನಿಂತಿವೆ. ಅಳಿಯ ಸಿದ್ದಲಿಂಗ ಫೋನು ಮಾಡಿದ್ದು ಲಾಡಸಾಬನ ಮನೆಗೆ, ಯಾಕೆಂದರೆ ಓಣಿಯಲ್ಲಿ ಫೋನಿದ್ದದ್ದು ಅಲ್ಲೊಂದೇ. ಹೀಗಾಗಿ ಹೊನ್ನವ್ವ ಸಂತೆಯಿಂದ ಬುಟ್ಟಿ ಹೊತ್ತು ಬರುವಷ್ಟರಲ್ಲಿ ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಾಗಿತ್ತು. ಲಾಡಸಾಬನ ಸೊಸೆ ಹುಸ್ನಾ ಓಡಿಬಂದು ಬಾಯಿಗೆ ಸಕ್ಕರೆ ಹಾಕಿದಳು. ಮೊದಲ ಬಾಣಂತನ ತವರಿನಲ್ಲಿ ತಾನೇ? ಊರ ಕೂಸುಗಳಿಗೆಲ್ಲ ಎರೆದವಳು ಈಗ ತನ್ನ ಮಗಳ ಕೂಸಿಗೆ ಎರೆಯುತ್ತಾಳೆ ಎಂದು ಓಣಿಗೆ ಓಣಿಯೇ ಹಿಗ್ಗಿತು.

ಹೊನ್ನವ್ವನೂ ಹಿಗ್ಗಿದಳು, ಆದರೆ ಒಳಗೊಳಗೇ ಹೆದರಿದಳು. ಅವಳ ಮೈಯಲ್ಲಿ ಏನೋ ಸರಿಯಿರಲಿಲ್ಲ, ಅದು ಅವಳೊಬ್ಬಳಿಗೇ ಗೊತ್ತಿತ್ತು. ವರ್ಷದಿಂದೀಚೆಗೆ ಬಾವಿಯಿಂದ ಮನೆಗೆ ಒಂದು ಕೊಡ ನೀರು ತರುವಷ್ಟರಲ್ಲಿ ತೇಕು ಹತ್ತಿ ಏದುಸಿರು ಬರುತ್ತಿತ್ತು. ರೊಟ್ಟಿ ಬಡಿಯುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹೋದ ತಿಂಗಳು ಹುಸ್ನಾಳ ಕಿರಿಯ ಕೂಸಿಗೆ ಎರೆಯುವಾಗ ಕೈ ನಡುಗಿ ಎಣ್ಣೆಗೂಸು ಕಾಲಿನಿಂದ ಜಾರಿತ್ತು. ಹುಸ್ನಾ ಕೆಳಗೆ ಕೈ ಒಡ್ಡಿದ್ದರಿಂದ ಏನೂ ಆಗಲಿಲ್ಲ. ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ ಎದ್ದು ಬಂದ ಹೊನ್ನವ್ವ ಅಂದಿನಿಂದ ಯಾವ ಕೂಸನ್ನೂ ಮುಟ್ಟಿರಲಿಲ್ಲ. ಮಗಳ ಕೂಸನ್ನು ತಾನು ಹಿಡಿಯಲಾರೆನೇನೋ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು.

ಇನ್ನೊಂದು ಸಂಗತಿಯಂತೂ ಯಾರ ಮುಂದೆಯೂ ಹೇಳುವಂಥದ್ದಲ್ಲ. ಹೊನ್ನವ್ವ ಮಣ್ಣು ತಿನ್ನುತ್ತಿದ್ದಳು.

ಅಡುಗೆಮನೆಯ ಮೂಲೆಯಲ್ಲಿ ನೀರಿನ ಹರವಿ ಇತ್ತು, ಅದರ ಹಿಂದಿನ ಮಣ್ಣಿನ ಗೋಡೆ ಸದಾ ತಂಪು. ಮೊದಲ ಮಳೆ ಬಿದ್ದ ನೆಲದ ಹಾಗೆ ಘಮ್ಮೆನ್ನುವ ಆ ಗೋಡೆಯ ಒಂದು ಚೂರನ್ನು ಒಂದು ದಿನ ಬಾಯಿಗೆ ಹಾಕಿಕೊಂಡಳು. ಹೋಳಿಗೆಗಿಂತ ರುಚಿಯಾಯಿತು. ಮರುದಿನ ಇನ್ನೊಂದು ಚೂರು. ಬಿಡಬೇಕೆಂದು ಆಣೆ ಹಾಕಿಕೊಂಡಳು, ಆಣೆ ಸಂಜೆಯ ತನಕ ಇರುತ್ತಿತ್ತು. ನೋಡನೋಡುತ್ತ ಗೋಡೆಯಲ್ಲಿ ರೊಟ್ಟಿಯಗಲದ ಗುಳಿ ಬಿತ್ತು. ಮಹಾಲಿಂಗಪ್ಪ ಅದನ್ನು ಕಂಡು, ಇದು ಹೆಗ್ಗಣದ ಕೆಲಸವೇ ಸರಿ, ಯಾವ ಹೆಗ್ಗಣ ಹೀಗೆ ಗೋಡೆ ತಿನ್ನುತ್ತಿದೆಯೋ ನೋಡೇಬಿಡುತ್ತೇನೆ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಹೊನ್ನವ್ವ ಸೆರಗಿನಿಂದ ತುಟಿ ಒರೆಸಿಕೊಂಡಳು. ಗಂಡ ಅದನ್ನು ಗಮನಿಸುವ ಪೈಕಿಯಲ್ಲ. ಅವನು ಗಜೇಂದ್ರಗಡದ ಸಂತೆಯಿಂದ ತಂತಿ ಬಡಿಯುವ ಇಲಿ ಬೋನು ತಂದು, ಹೆಂಡತಿಗೂ ಹೇಳದೆ ಗುಳಿಯ ಬಾಯಿಗೆ ಇಟ್ಟ.

ಅದೇ ವಾರ ಶ್ವೇತಾಳ ಕಳ್ಳ ಕುಬಸ. ಬಸುರಿಯ ದೊಡ್ಡ ಕುಬಸ ಊರಿಗೆಲ್ಲ ಹೇಳಿ ಮಾಡುವಂಥದ್ದು, ಅದಕ್ಕೂ ಮುಂಚೆ ತವರಿನವರು ಯಾರಿಗೂ ಹೇಳದೆ ಹಸಿರು ಸೀರೆ ಕುಬಸ ಕೊಟ್ಟು ಉಣಿಸುವುದು ಕಳ್ಳ ಕುಬಸ. ಕಳ್ಳ ಎನ್ನುವುದು ಹೆಸರಿಗೆ ಮಾತ್ರ. ಅಂದು ಹೊನ್ನವ್ವನ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ತುಂಬಿದ್ದರು. ಎಣ್ಣೆಹೋಳಿಗೆ, ಮಾದಲಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಎಲ್ಲ ತಯಾರಾಗಿ, ಶ್ವೇತಾಳನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುವ ಹೊತ್ತಿಗೆ ಹೊನ್ನವ್ವ ನೀರು ತರುತ್ತೇನೆಂದು ಒಳಗೆ ಹೋದಳು. ಹರವಿಯ ಹಿಂದೆ ಕೈ ಹಾಕಿ ಒಂದು ಚೂರು ಬಾಯಿಗಿಟ್ಟುಕೊಂಡು, ಇನ್ನೊಂದಕ್ಕೆ ಕೈ ಹಾಕಿದಳು. ಟಪ್ಪೆಂದು ಸದ್ದಾಯಿತು. ಆಮೇಲೆ ಹೊನ್ನವ್ವ ಕೂಗಿದ ಕೂಗಿಗೆ ಆರತಿಯ ದೀಪ ಆರಿತು ಎಂದು ಈಗಲೂ ಹೇಳುತ್ತಾರೆ.

ಹೆಂಗಸರು ಒಳಗೆ ನುಗ್ಗಿ ನೋಡಿದರೆ ಬೆರಳು ಬೋನಿನಲ್ಲಿ, ಬಾಯಿತುಂಬ ಮಣ್ಣು. ಮಗ್ಗುಲ ಮನೆಯ ಅಡಿವೆವ್ವ ಬೋನು ಬಿಡಿಸುವುದನ್ನು ಬಿಟ್ಟು ಹೊನ್ನವ್ವನ ಬಾಯಿಯನ್ನೇ ನೋಡಿದಳು. ಅಡಿವೆವ್ವ ಒಂದನ್ನು ಕಂಡರೆ ಹತ್ತನ್ನು ತಿಳಿದುಕೊಳ್ಳುವ ಪೈಕಿ. ನಮ್ಮ ಕಡೆ ಹೆಂಗಸು ಮಣ್ಣು ತಿಂದಳೆಂದರೆ ಅದಕ್ಕೆ ಒಂದೇ ಅರ್ಥ.

"ಯವ್ವಾ, ಇದು ಬಯಕಿ ಐತಿ," ಎಂದಳು ಅಡಿವೆವ್ವ ನಿಧಾನವಾಗಿ. "ಹಂಗಾದ್ರ ಇವತ್ತ ಯಾರ ಕುಬಸ ಮಾಡೂದು, ಮಗಳದೋ, ಅವ್ವಂದೋ?"

ಪಡಸಾಲೆಯಲ್ಲಿ ಎದ್ದ ನಗೆಗೆ ಮಾಳಿಗೆಯ ಮಣ್ಣು ಉದುರಿತು. ಊರ ಬಾಯಿಗೆ ಹೊಲಿಗೆ ಹಾಕಲಾಗುತ್ತದೆಯೇ? ಊಟದೆಲೆ ಎತ್ತುವಷ್ಟರಲ್ಲಿ ಸುದ್ದಿ ಊರ ಹೆಬ್ಬಾಗಿಲಾದ ಅಗಸೆ ಮುಟ್ಟಿತು. ಕ್ಷೌರಕ್ಕೆ ಕೂತಿದ್ದ ಮಹಾಲಿಂಗಪ್ಪನಿಗೆ ಯಾರೋ ಅಭಿನಂದನೆ ಹೇಳಿದರು. ತಾತನಾಗುವುದಕ್ಕೆ ಹೇಳಿದ್ದಾರೆಂದುಕೊಂಡು ಅವನು ಎಲ್ಲರಿಗೂ ಚಹಾ ಕುಡಿಸಿದ. ನಿಜ ತಿಳಿದ ಮೇಲೆ ಅರ್ಧ ಬೋಳಿಸಿದ ಗಡ್ಡದಲ್ಲೇ ಹಿತ್ತಿಲ ದಾರಿಯಿಂದ ಮನೆಗೆ ಬಂದ.

ನಗದವಳು ಶ್ವೇತಾ ಒಬ್ಬಳೇ. ಎಲ್ಲರೂ ಹೋದ ಮೇಲೆ ಅವ್ವನ ಬೆರಳಿಗೆ ಬಟ್ಟೆ ಕಟ್ಟುತ್ತ ಅವಳು ಆ ಕೈಯನ್ನು ನೋಡಿದಳು. ಉಗುರು ಸುಣ್ಣದಂತೆ ಬೆಳ್ಳಗೆ, ತುಟಿಯೂ ಬೆಳ್ಳಗೆ. ಹೊನ್ನವ್ವ ತಡೆಯಲಾಗದೆ ಅತ್ತುಬಿಟ್ಟಳು. ಬಯಕೆಯೂ ಅಲ್ಲ, ಏನೂ ಅಲ್ಲ, ನನಗೆ ಯಾವುದೋ ಕೆಟ್ಟ ಚಟ ಹತ್ತಿದೆ, ಕೈಯಲ್ಲಿ ಬಲವಿಲ್ಲ, ನಿನ್ನ ಕೂಸಿಗೆ ಎರೆಯುವವಳು ನಾನಲ್ಲ ಎಂದು ಎಲ್ಲವನ್ನೂ ಹೇಳಿದಳು. ಶ್ವೇತಾ ಮರುದಿನವೇ ಅವ್ವನನ್ನು ಬಸ್ಸು ಹತ್ತಿಸಿ ರೋಣದ ದವಾಖಾನೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದ ಡಾಕ್ಟರಬಾಯಿ ಸೈರಾಬಾನು ಗಜೇಂದ್ರಗಡದವರು, ನಮ್ಮದೇ ಮಾತು ಆಡುವವರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ತೆಗೆಸಿ, ಕೊನೆಗೆ ಒಂದು ಸಣ್ಣ ಡಬ್ಬಿ ಕೊಟ್ಟು ನಾಳೆ ಮುಂಜಾನೆ ಬಯಲಕಡೆ ಹೋದಾಗಿನದನ್ನು ಚೂರು ಇದರಲ್ಲಿ ತರಬೇಕು ಎಂದರು. ಮರುದಿನ ಹೊನ್ನವ್ವನಿಗೆ ಬಸ್ಸಿನಲ್ಲಿ ಆ ಡಬ್ಬಿ ಹಿಡಿದು ಕೂರುವಷ್ಟು ಕಷ್ಟ ಜೀವಮಾನದಲ್ಲಿ ಯಾವುದೂ ಆಗಿರಲಿಲ್ಲ. ಸಾಲದ್ದಕ್ಕೆ ಪಕ್ಕಕ್ಕೆ ಅಡಿವೆವ್ವ ಬಂದು ಕೂತು ಸೆರಗಿನಲ್ಲಿ ಏನು ಎಂದು ಕೇಳಿದಳು. ಬದನೆ ಬೀಜ ಎಂದು ಬಾಯಿಗೆ ಬಂದದ್ದು ಹೇಳಿದಳು ಹೊನ್ನವ್ವ. ನಿನ್ನ ಬದನೆ ಭಾಳ ಚಲೋ, ನನಗೂ ಒಂದು ಚಿಟಿಕೆ ಕೊಡು ಎಂದು ಅಡಿವೆವ್ವ ಕೈ ಒಡ್ಡಿದಳು. ರೋಣ ಬರುವ ತನಕ ಆ ಡಬ್ಬಿಯನ್ನು ಅವಳ ಕೈಯಿಂದ ಕಾಯಬೇಕಾಯಿತು.

ಡಾಕ್ಟರಬಾಯಿ ಪರೀಕ್ಷೆ ಮುಗಿಸಿ ಬಂದು ಎದುರಿಗೆ ಕೂತರು.

"ನಿಮಗ ಯಾವ ಚಟಾನೂ ಇಲ್ಲರಿ. ಹೊಟ್ಟ್ಯಾಗ ಕೊಕ್ಕಿಹುಳ ಅದಾವ. ಹೊಲಸಾದ ಹಸಿ ಮಣ್ಣಾಗ ಅವುಗಳ ಮರಿ ಇರತಾವ, ಬರಿಗಾಲ ಸಿಕ್ರ ಚರ್ಮ ತೂರಿ ಒಳಗ ಹೋಗತಾವ. ಕರುಳಿಗೆ ಕೊಕ್ಕಿ ಹಾಕ್ಕೊಂಡ ರಕ್ತ ಕುಡೀತಾವ. ರಕ್ತ ಕಮ್ಮಿ ಆದ್ರ ತೇಕು ಹತ್ತತೈತಿ, ಮಣ್ಣ ತಿನ್ನೂ ಆಸಿನೂ ಆಗತೈತಿ."

ಹೊನ್ನವ್ವನಿಗೆ ಅರ್ಧ ತಿಳಿಯಿತು, ಆದರೆ ಮೊದಲ ಮಾತು ಪೂರ್ತಿ ತಿಳಿಯಿತು. ಚಟವಲ್ಲ, ರೋಗ. ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿ ಅವಳು ಅಲ್ಲೇ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಹುಳಕ್ಕೆ ಒಂದು ಗುಳಿಗೆ, ರಕ್ತಕ್ಕೆ ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ, ಜೊತೆಗೆ ಸೊಪ್ಪು, ಕಾಳು, ಬೆಲ್ಲ ಶೇಂಗಾ ತಿನ್ನಬೇಕು ಎಂದರು. ಎಲ್ಲಕ್ಕೂ ಹೊನ್ನವ್ವ ಹೂಂ ಅಂದಳು. ಕೊನೆಗೆ ಅವರು, ಮನೆಯಲ್ಲಿ ಪಾಯಖಾನೆ ಕಟ್ಟಿಸಿ, ಹೊಲದಲ್ಲಿ ಚಪ್ಪಲಿ ಹಾಕಿಕೊಳ್ಳಿ, ಇಲ್ಲದಿದ್ದರೆ ಹುಳ ಮತ್ತೆ ಬರುತ್ತವೆ ಎಂದರು. ಅಷ್ಟಕ್ಕೆ ಹೊನ್ನವ್ವ ಎದ್ದು ನಿಂತಳು. ಪಾಯಖಾನೆ ಗಂಡನಿಗೆ ಬಿಟ್ಟದ್ದು, ಚಪ್ಪಲಿ ಮಾತ್ರ ಆಗದ ಮಾತು ಎಂದು ಹೇಳಿ ಬಂದಳು.

ಗುಳಿಗೆ ಕೆಲಸ ಮಾಡಿತು. ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ತೇಕು ಕಡಿಮೆಯಾಯಿತು, ತುಟಿಗೆ ಬಣ್ಣ ಬಂತು. ಒಂದು ದಿನ ಹರವಿಯ ಹಿಂದೆ ಬಗ್ಗಿ ಮೂಸಿ ನೋಡಿದಳು. ಬರೀ ಗೋಡೆ ವಾಸನೆ ಬಂತು. ಇದನ್ನೇ ತಿನ್ನುತ್ತಿದ್ದೆನೇ ಎಂದು ತನಗೇ ಹೇಸಿಗೆಯಾಗಿ, ಕೆಸರು ಕಲಸಿ ಆ ಗುಳಿಯನ್ನು ಮುಚ್ಚಿಬಿಟ್ಟಳು. ಮಹಾಲಿಂಗಪ್ಪ, ಎರಡನೇ ಸಲ ಅಭಿನಂದನೆ ಕೇಳುವ ಧೈರ್ಯವಿಲ್ಲದೆ, ಪಂಚಾಯಿತಿಯ ಸಹಾಯ ಪಡೆದು ಹಿತ್ತಿಲಲ್ಲಿ ಪಾಯಖಾನೆ ಕಟ್ಟಿಸಿದ. ಅದರ ಕೀಲಿಯನ್ನು ಮಾತ್ರ ಮೊದಮೊದಲು ದೇವರ ಮಾಡದಲ್ಲಿ ಇಡುತ್ತಿದ್ದ.

ಚಪ್ಪಲಿಯ ವಿಷಯದಲ್ಲಿ ಹೊನ್ನವ್ವ ಜಗ್ಗಲಿಲ್ಲ. ದಸರೆಗೆ ಬಂದ ಶ್ವೇತಾ ನೋಡುತ್ತಾಳೆ, ಅವ್ವ ಬರಿಗಾಲಲ್ಲೇ ಮೆಂತ್ಯದ ಮಡಿಯಲ್ಲಿ ನಿಂತಿದ್ದಾಳೆ. ಬದುವಿನ ಮೇಲೆ ನಿಂತೇ ಮಗಳು ಹೇಳಿದಳು:

"ಹಂಗಾದ್ರ ನಾ ಬಾಣಂತನಕ್ಕ ಇಲ್ಲಿಗೆ ಬರೂದಿಲ್ಲ ಯವ್ವಾ. ನರಗುಂದದಾಗ ನಮ್ಮತ್ತಿನ ಎರೀಲಿ. ನೀ ಮತ್ತ ನಡಗೂ ಕೈಲೆ ನನ್ನ ಕೂಸಿನ ಹಿಡಿಯೂದ ಬ್ಯಾಡ."

ಹೊನ್ನವ್ವ ಬಗ್ಗಿ ಕಳೆ ಕೀಳತೊಡಗಿದಳು. ಒಂದು ಕಡೆ ಭೂಮಿತಾಯಿ, ಇನ್ನೊಂದು ಕಡೆ ಹೊಟ್ಟೆಯ ಮಗಳು. ಆ ದಿನ ಅವಳ ಪಾಲಿನ ರೊಟ್ಟಿ ಎತ್ತುಗಳಿಗೆ ಹೋಯಿತು.

ಹಿಂಗಾರಿ ಬಿತ್ತಿಗೆಗೆ ಮುಂಚೆ ಎತ್ತಿಗೆ ನಾಲು ಬಡಿಸುವುದು ವಾಡಿಕೆ. ಎರಡು ದಿನ ಬಿಟ್ಟು ಮಹಾಲಿಂಗಪ್ಪ ಜೋಡಿ ಎತ್ತನ್ನು ಎದುರು ಮನೆಯ ಬೇವಿನ ಮರದ ಕೆಳಗೆ ಹೊಡೆದುಕೊಂಡು ಹೋದ. ಲಾಡಸಾಬ ಹಗ್ಗ ಹಾಕಿ ಎತ್ತನ್ನು ಮೆಲ್ಲಗೆ ನೆಲಕ್ಕೆ ಕೆಡವಿ, ಕಾಲು ಕಟ್ಟಿ, ಗೊರಸು ಹೆರೆದು ಹದ ಮಾಡುತ್ತಿದ್ದ. ಬಿದ್ದ ಎತ್ತಿನ ಹಣೆ ಸವರುತ್ತ ಹೊನ್ನವ್ವ ಕೂತಿದ್ದಳು. ಅವಳ ಮೋರೆ ನೋಡಿ ಮುದುಕ ವಿಚಾರಿಸಿದ, ಅವಳು ಎಲ್ಲವನ್ನೂ ಹೇಳಿಕೊಂಡಳು. ಲಾಡಸಾಬ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಒಂದೊಂದಾಗಿ ಮೊಳೆಗಳೆಲ್ಲ ಗೊರಸಿಗೆ ಇಳಿದ ಮೇಲೆ ಬಾಯಿ ಖಾಲಿಯಾಯಿತು.

"ತಂಗಿ, ಈ ಎತ್ತಿಗೆ ನೀ ಬಸವಣ್ಣ ಅಂತ ಕೈ ಮುಗೀತಿ, ಹೌದಲ್ಲ?"

"ಹೌದ ಮತ್ತ, ಅಣ್ಣಾ."

"ಬಸವಣ್ಣನ ಕಾಲಿಗೆ ನಾ ಕಬ್ಬಿಣ ಬಡದ ಕಳಸತೀನಿ. ಅದ ಕಾಲಿಲೆ ಅವ ನಿನ್ನ ಹೊಲದಾಗ ಹಗಲೆಲ್ಲ ತಿರಗತಾನ. ನಮ್ಮಪ್ಪನ ಕಾಲದಿಂದ ಬಡಕೋತ ಬಂದೀವಿ, ಭೂಮಿತಾಯಿ ಒಂದ ದಿನಾನೂ ಬ್ಯಾಡ ಅಂದಿಲ್ಲ. ನಿಂದು ಬರೇ ರಬ್ಬರ್ ಚಪ್ಪಲಿ. ಅಕಿಗೇನ ಅದು ಭಾರ ಆಗತೈತಿ?"

ಹೊನ್ನವ್ವ ಎತ್ತಿನ ಕಾಲು ನೋಡಿದಳು. ನಾಲು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ದಿನಾಲೂ ಕಣ್ಣೆದುರಿಗೇ ಇದ್ದದ್ದು ತನಗೆ ಯಾಕೆ ಹೊಳೆಯಲಿಲ್ಲ ಎಂದು ನಗು ಬಂತು. ಅವಳು ಮನಸ್ಸು ಬಿಚ್ಚಿ ನಕ್ಕಳು, ಮಹಾಲಿಂಗಪ್ಪನೂ ಏನೆಂದು ತಿಳಿಯದೆ ನಕ್ಕ.

ಶೀಗಿ ಹುಣ್ಣಿಮೆ ಬಂತು. ಬೆಳೆ ತುಂಬಿ ನಿಂತ ಭೂಮಿಯನ್ನು ಬಸುರಿ ಎಂದೇ ತಿಳಿದು, ಅವಳ ಬಯಕೆ ತೀರಿಸಲು ಕಡುಬು, ಹೋಳಿಗೆ, ಪಲ್ಯ ಒಯ್ದು ಹೊಲದ ತುಂಬ ಚರಗ ಚೆಲ್ಲುವ ಹಬ್ಬ ಅದು. ಹೊನ್ನವ್ವ ಬುಟ್ಟಿ ಹೊತ್ತು ಬದುವಿಗೆ ಬಂದಳು. ರೋಣದಿಂದ ತಂದ ಹೊಸ ಚಪ್ಪಲಿ ಕಾಲಲ್ಲಿತ್ತು. ಬಿಟ್ಟು ಬಿಟ್ಟು ರೂಢಿಯಾದ ಕಾಲು ತಾನಾಗಿಯೇ ಚಪ್ಪಲಿಯಿಂದ ಹೊರಬಂತು. ಹಿಂದಿನಿಂದ ಬರುತ್ತಿದ್ದ ಹೆಂಗಸರೆಲ್ಲ ನಿಂತು ನೋಡಿದರು. ಹೊನ್ನವ್ವ ಬಗ್ಗಿ ನೆಲ ಮುಟ್ಟಿ, "ಯವ್ವಾ, ನೀನೂ ಬಸರಿ, ನನ್ನ ಮಗಳೂ ಬಸರಿ. ನಿನಗ ತಿಳೀತೈತಿ," ಎಂದು ಹೇಳಿ, ಮತ್ತೆ ಚಪ್ಪಲಿ ಮೆಟ್ಟಿ ಒಳಗೆ ಇಳಿದಳು. ಅಡಿವೆವ್ವ ಗಲ್ಲಕ್ಕೆ ಕೈ ಹಚ್ಚಿಕೊಂಡಳು. ಆ ವರ್ಷ ಬಿಳಿಜೋಳ ಬಂಗಾರದಂತೆ ಬಂತು. ಅದು ಮಳೆ ಚೆನ್ನಾಗಿ ಆದದ್ದರಿಂದ ಬಂದದ್ದು, ಆದರೆ ತಾಯಿ ಸಿಟ್ಟಾಗಿಲ್ಲ ಎನ್ನುವುದಕ್ಕೆ ಓಣಿಗೆ ಅಷ್ಟು ಸಾಕಾಯಿತು. ಮುಂದಿನ ಮಳೆಗಾಲಕ್ಕೆ ಅಡಿವೆವ್ವನ ಕಾಲಲ್ಲೂ ಚಪ್ಪಲಿ ಇದ್ದವು.

ಸಂಕ್ರಾಂತಿ ಕಳೆದು ಶ್ವೇತಾ ತವರಿನಲ್ಲೇ ಹೆತ್ತಳು, ಹೆಣ್ಣು ಕೂಸು. ಎರೆಯುವ ದಿನ ಬಚ್ಚಲ ಬಾಗಿಲಿಗೆ ಹುಸ್ನಾ, ಅಡಿವೆವ್ವ ಎಲ್ಲ ಸೇರಿದರು. ಹೊನ್ನವ್ವ ಮಣೆ ಹಾಕಿ ಕೂತು ಕಾಲು ಚಾಚಿದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿದಳು. ಕೂಸು ಅಜ್ಜಿಯ ಹೆಸರು ಉಳಿಸುವಂತೆ ಕಿರುಚಿತು. ಶ್ವೇತಾ ಹಸಿಮೈಯಲ್ಲೇ ಎದ್ದು ಬಂದು ಪಕ್ಕದಲ್ಲಿ ಕೂತು, ಕೂಸಿನ ಕೆಳಗೆ ತನ್ನ ಅಂಗೈ ಒಡ್ಡಿ ಹಿಡಿದಿದ್ದಳು. ಹೊನ್ನವ್ವ ಅದನ್ನು ನೋಡಿಯೂ ನೋಡದಂತೆ ಮೊದಲ ತಂಬಿಗೆ ನೀರು ಹಾಕಿದಳು. ಕೈ ನಡುಗಲಿಲ್ಲ. ಎರಡನೇ ತಂಬಿಗೆ ಹಾಕಿದಳು. ಕೂಸು ಸುಮ್ಮನಾಗಿ ಕಣ್ಣು ಪಿಳಿಪಿಳಿ ಬಿಟ್ಟಿತು.

"ಕೈ ತಗಿ, ಶ್ವೇತಾ," ಎಂದಳು ಹೊನ್ನವ್ವ.

ಶ್ವೇತಾ ಅವ್ವನ ಮೋರೆ ನೋಡಿದಳು. ಆಮೇಲೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡು, ಲೋಬಾನಕ್ಕೆ ಕೆಂಡ ತರಲು ಎದ್ದುಹೋದಳು.